ಲೋಕದ ಪುರಾಣಗಳ ಪುಸ್ತಕ ಆರಿಸುವವರಿಗೆ: ಕತೆ ಎಲ್ಲಿಂದ ಬಂತು ಅಂತ ಹೇಳುವ ಪುಸ್ತಕ ತನ್ನಿ

ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಎಲ್ಲರಿಗೂ ನಮಸ್ಕಾರ.

ನೀವು ಪಟ್ಟಿ ಮಾಡುತ್ತೀರಿ, ಸಮಿತಿಯಲ್ಲಿ ಕೂತು ಒಂದೊಂದಕ್ಕೂ ಟಿಕ್ ಹಾಕುತ್ತೀರಿ, ಪುಸ್ತಕಗಳು ಬರುತ್ತವೆ. ಆಮೇಲೆ ಅವು ಇಪ್ಪತ್ತು ಮೂವತ್ತು ವರ್ಷ ಅದೇ ಕಪಾಟಿನಲ್ಲಿ ಇರುತ್ತವೆ. ರೆಫರೆನ್ಸ್ ವಿಭಾಗದ ಪುಸ್ತಕವನ್ನು ಮನೆಗೆ ಒಯ್ಯುವ ಹಾಗಿಲ್ಲ. ಅಲ್ಲೇ ಕೂತು, ಬೇಕಾದ ಪುಟ ತೆಗೆದು, ಅಲ್ಲಿರುವುದನ್ನು ನಂಬಿ ಬರೆದುಕೊಂಡು ಬರುತ್ತೇವೆ. ನಂಬಿ ಅನ್ನುವ ಮಾತಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಬೇರೆ ಬೇರೆ ನಾಡುಗಳ ಪುರಾಣ ಕತೆಗಳನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಮೆಡೂಸಾಳ ಕತೆ ಬರೆದೆ. ತಲೆ ತುಂಬ ಹಾವು, ಕಣ್ಣಿಗೆ ಕಣ್ಣು ಸೇರಿದರೆ ಎದುರಿಗಿದ್ದವರು ಕಲ್ಲು. ಗ್ರಂಥಾಲಯದಲ್ಲಿದ್ದ ದಪ್ಪ ವಿಶ್ವಕೋಶದಲ್ಲಿ ಹೀಗಿತ್ತು: ಅವಳು ಮೊದಲು ತುಂಬಾ ಚೆಂದದ ಹುಡುಗಿ, ದೇವಿಯ ಗುಡಿಯಲ್ಲೇ ಸಮುದ್ರದ ದೇವರು ಅವಳ ಮೇಲೆ ಬಲಾತ್ಕಾರ ಮಾಡಿದ, ದೇವಿ ಸಿಟ್ಟಿಗೆದ್ದು ಹುಡುಗಿಗೇ ಶಾಪ ಕೊಟ್ಟು ಅವಳ ಕೂದಲನ್ನು ಹಾವು ಮಾಡಿದಳು. ಮಕ್ಕಳಿಗೆ ಎಷ್ಟು ಬೇಕೋ ಅಷ್ಟನ್ನು ಇಟ್ಟುಕೊಂಡು, ಮೊದಲ ಸಾಲಿನಲ್ಲೇ "ಪ್ರಾಚೀನ ಗ್ರೀಕರು ಹೀಗೆ ಹೇಳುತ್ತಿದ್ದರು" ಅಂತ ಬರೆದೆ. ಕತೆ ಅಚ್ಚಾಯಿತು. ಹೈಸ್ಕೂಲಿನ ಒಬ್ಬ ಹುಡುಗಿ ಕೇಳಿದಳು, "ಇದನ್ನು ಹೇಳಿದ್ದು ಯಾವ ಗ್ರೀಕರು?"

ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ವಾಪಸ್ ಹೋಗಿ ಆ ಪುಟವನ್ನು ಮತ್ತೆ ಓದಿದೆ. ಅಡಿಟಿಪ್ಪಣಿ ಇಲ್ಲ, ಕವಿಯ ಹೆಸರಿಲ್ಲ, ಕಾಲ ಇಲ್ಲ. ಎರಡು ದಿನ ಹುಡುಕಿದ ಮೇಲೆ ಗೊತ್ತಾಯಿತು, ಶಾಪದ ಆ ಕತೆಯನ್ನು ನಮಗೆ ಹೇಳಿದವನು ಓವಿಡ್. ಅವನು ರೋಮಿನ ಕವಿ, ಲ್ಯಾಟಿನ್‌ನಲ್ಲಿ ಬರೆದವನು, ಕ್ರಿ.ಶ. 8ರ ಹೊತ್ತಿನವನು. ಅವನಿಗಿಂತ ಸುಮಾರು ಏಳುನೂರು ವರ್ಷ ಹಿಂದಿನ ಗ್ರೀಕ್ ಕವಿ ಹೆಸಿಯಡ್‌ನಲ್ಲಿ ಗುಡಿ ಇಲ್ಲ, ಶಾಪವೂ ಇಲ್ಲ. ಅಲ್ಲಿ ಗಾರ್ಗನ್ ಅನ್ನುವ ಮೂವರು ಭಯಂಕರ ಅಕ್ಕತಂಗಿಯರು, ಅವರಲ್ಲಿ ಮೆಡೂಸಾಗೆ ಮಾತ್ರ ಸಾವಿದೆ. ಸಮುದ್ರದ ದೇವರು ಅವಳನ್ನು ಕೂಡಿದ್ದು ವಸಂತದ ಹೂಗಳ ನಡುವೆ, ಮೆತ್ತನೆಯ ಹುಲ್ಲುಗಾವಲಿನಲ್ಲಿ. ಎರಡೂ ಒಳ್ಳೆಯ ಕತೆಗಳೇ. ಆದರೆ ಎರಡೂ ಒಂದೇ ಕತೆ ಅಲ್ಲ. ಏಳುನೂರು ವರ್ಷ ಅಂದರೆ ಸಣ್ಣ ಅಂತರವಾ? ಇವೆರಡನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿ, "ಗ್ರೀಕರ ನಂಬಿಕೆ" ಅಂತ ಚೀಟಿ ಅಂಟಿಸಿ ಕೊಟ್ಟದ್ದು ಆ ವಿಶ್ವಕೋಶ. ಅದನ್ನು ರೆಫರೆನ್ಸ್ ಅಂತ ಕಪಾಟಿನಲ್ಲಿ ಇಟ್ಟವರು ನಿಮ್ಮಂಥವರು. ಅದನ್ನು ನಂಬಿ ಮಕ್ಕಳಿಗೆ ದಾಟಿಸಿದ್ದು ನಾನು. ಆ ಹುಡುಗಿಗೆ ನಾನು ಪತ್ರ ಬರೆದು ತಪ್ಪು ಒಪ್ಪಿಕೊಂಡೆ.

ಹಾಗಾಗಿ ನಾನು ಕೇಳುವುದು ಒಂದೇ. ಪ್ರತಿ ಕತೆಯ ಪಕ್ಕ, ಇದನ್ನು ಯಾರು ಹೇಳಿದರು, ಯಾವಾಗ, ಯಾವ ಗ್ರಂಥದಲ್ಲಿ ಅಥವಾ ಯಾವ ಊರಿನಲ್ಲಿ ಕೇಳಿ ಬರೆದುಕೊಂಡದ್ದು ಅಂತ ತೋರಿಸುವ ಪುಸ್ತಕವನ್ನು ತನ್ನಿ. ಅದಿಲ್ಲದ ಪುಸ್ತಕ ಎಷ್ಟೇ ಚೆಂದ ಇದ್ದರೂ, ಪುಟಪುಟಕ್ಕೂ ಬಣ್ಣದ ಚಿತ್ರ ಇದ್ದರೂ, ಅದು ಓದುವ ಪುಸ್ತಕ. ಅದನ್ನು ಮನೆಗೆ ಕೊಡುವ ಕಪಾಟಿನಲ್ಲಿ ಇಡಿ, ಮಕ್ಕಳು ಖುಷಿಯಿಂದ ಓದುತ್ತಾರೆ. ರೆಫರೆನ್ಸ್ ಟೇಬಲ್ಲಿಗೆ ಮಾತ್ರ ಬೇಡ.

ಪುಸ್ತಕ ಕೈಗೆ ಬಂದಾಗ ಪೂರ್ತಿ ಓದಲು ನಿಮಗೆ ಸಮಯ ಇರುವುದಿಲ್ಲ, ಗೊತ್ತು. ಲೋಕಕ್ಕೆ ಕೇಡುಗಳನ್ನು ಬಿಟ್ಟವಳು ಅಂತ ಗ್ರೀಕ್ ಕತೆ ಹೇಳುವ ಪಂಡೋರಾ ಇರುವ ಪುಟ ತೆಗೆಯಿರಿ. "ಪಂಡೋರಾಳ ಪೆಟ್ಟಿಗೆ" ಅಂತಷ್ಟೇ ಬರೆದು ಮುಂದೆ ಹೋಗಿದ್ದಾರಾ ನೋಡಿ. ಹೆಸಿಯಡ್‌ನಲ್ಲಿ ಪೆಟ್ಟಿಗೆಯೇ ಇಲ್ಲ. ಅವನು ಹೇಳುವುದು ಪಿಥೋಸ್, ಅಂದರೆ ಕಾಳು, ಎಣ್ಣೆ, ದ್ರಾಕ್ಷಾರಸ ತುಂಬಿಡುವ ದೊಡ್ಡ ಮಣ್ಣಿನ ಗುಡಾಣ. ಅವಳು ಅದರ ಮುಚ್ಚಳ ತೆಗೆದಾಗ ಕೇಡುಗಳೆಲ್ಲ ಹೊರಗೆ ಹಾರಿದವು, ಭರವಸೆಯೊಂದು ಬಾಯಿಯ ಅಂಚಿನ ಒಳಗೇ ಉಳಿಯಿತು. 16ನೇ ಶತಮಾನದಲ್ಲಿ ಎರಾಸ್ಮಸ್ ಅನ್ನುವ ವಿದ್ವಾಂಸ ಈ ಕತೆಯನ್ನು ಲ್ಯಾಟಿನ್‌ನಲ್ಲಿ ಹೇಳುವಾಗ ಗುಡಾಣದ ಜಾಗಕ್ಕೆ ಪಿಕ್ಸಿಸ್ ಅನ್ನುವ ಮಾತು ಬಂತು, ಅದು ಕೈಯಲ್ಲಿ ಹಿಡಿಯುವಂಥ ಮುಚ್ಚಳದ ಡಬ್ಬಿ. ಗುಡಾಣ ಅಂದರೆ ಮನೆಯ ಉಗ್ರಾಣದಲ್ಲಿ ನಿಂತಿರುವ ವಸ್ತು, ವರ್ಷದ ದವಸ ಅದರಲ್ಲಿದೆ. ಡಬ್ಬಿ ಅಂದರೆ ಯಾರೋ ಕೊಟ್ಟ ಉಡುಗೊರೆ, ತೆಗೆಯಬೇಡ ಅಂದರೂ ತೆಗೆದಳು ಅನ್ನುವ ಹುಡುಗಾಟ. ಪಾತ್ರೆ ಬದಲಾದರೆ ಆ ಹೆಂಗಸಿನ ಸ್ವಭಾವವೇ ಬದಲಾಗುತ್ತದೆ, ಅಲ್ವಾ? ಒಂದು ಸಾಲಿನಲ್ಲಾದರೂ ಇದನ್ನು ಹೇಳಿದ ಪುಸ್ತಕ ಉಳಿದ ಕಡೆಯೂ ಎಚ್ಚರವಾಗಿರುತ್ತದೆ ಅನ್ನುವುದು ನನ್ನ ಅನುಭವ. ಇನ್ನೊಂದು ಪುಟ ಬೇಕಿದ್ದರೆ ಗ್ರೀಕ್ ವೀರ ಅಕಿಲೀಸ್‌ನ ಹಿಮ್ಮಡಿ ನೋಡಿ. ಮಗುವನ್ನು ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದ ಮಾತು ಅವನ ಕತೆ ಹೇಳಿದ ಗ್ರೀಕ್ ಕವಿ ಹೋಮರ್‌ನಲ್ಲಿ ಇಲ್ಲ. ಅದು ನಮಗೆ ಸಿಗುವುದು ಕ್ರಿ.ಶ. 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ.

ಎಲ್ಲಕ್ಕಿಂತ ಜಾಸ್ತಿ ಮೋಸ ಆಗುವುದು ಮರುಮುದ್ರಣದಲ್ಲಿ. ಹಕ್ಕುಸ್ವಾಮ್ಯ ಮುಗಿದ ಹಳೇ ಪುಸ್ತಕವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಹೊಸ ಮುಖಪುಟ, ಮಿರುಗುವ ಕಾಗದ, ಒಳಗೆ ಈಚಿನ ಇಸವಿ. ಹಾಗೆ ಬಂದ ಒಂದು ಪುಸ್ತಕದಲ್ಲಿ ನಾನು ಬ್ಯಾಬಿಲೋನಿನ ಅಧ್ಯಾಯ ತೆಗೆದೆ. ಕತೆಯ ನಾಯಕನ ಹೆಸರು "ಇಜ್ದುಬಾರ್". ಹತ್ತು ಪುಟ ಓದಿದರೂ ಇಜ್ದುಬಾರ್, ಇಜ್ದುಬಾರ್. ಯಾರಿವನು ಅಂತ ನೋಡಿದರೆ ಬ್ಯಾಬಿಲೋನಿನ ಹಳೇ ಕಾವ್ಯದ ನಾಯಕ, ನಮ್ಮ ಗಿಲ್ಗಮೆಶ್! 1872ರಲ್ಲಿ ಜಾರ್ಜ್ ಸ್ಮಿತ್ ಲಂಡನ್ನಿನಲ್ಲಿ ಆ ಕಾವ್ಯದ ಪ್ರಳಯದ ಕತೆ ಇರುವ ಮಣ್ಣಿನ ಹಲಗೆಯನ್ನು ಓದಿ ಹೇಳಿದಾಗ, ಆ ಬೆಣೆಲಿಪಿಯ ಗುರುತುಗಳನ್ನು ಹೇಗೆ ಉಚ್ಚರಿಸಬೇಕು ಅಂತ ಅವರಿಗೆ ತಿಳಿದಿರಲಿಲ್ಲ. ತಾತ್ಕಾಲಿಕವಾಗಿ ಇಜ್ದುಬಾರ್ ಅಂತ ಓದಿದರು. 1890ರಲ್ಲಿ ಸರಿಯಾದ ಹೆಸರು ಸಿಕ್ಕಿತು. ಅಂದರೆ ನನ್ನ ಕೈಯಲ್ಲಿದ್ದ "ಹೊಸ" ಪುಸ್ತಕದಲ್ಲಿದ್ದದ್ದು ನೂರು ವರ್ಷಕ್ಕೂ ಹಿಂದೆ ಬಿಟ್ಟುಹಾಕಿದ ಹೆಸರು. ಅದನ್ನು ಓದಿ ಒಂದು ಮಗು ಪರೀಕ್ಷೆಯಲ್ಲಿ ಹಾಗೇ ಬರೆದರೆ ಯಾರನ್ನು ದೂರುವುದು?

ಆದ್ದರಿಂದ ಮುದ್ರಣದ ಇಸವಿ ನೋಡಿ ಸುಮ್ನೆ ಸಮಾಧಾನ ಆಗಬೇಡಿ. ಮೊದಲು ಬರೆದದ್ದು ಯಾವಾಗ ಅಂತ ಹುಡುಕಿ. ಪುರಾಣ ಹಳೆಯದು, ಅದರ ಪುಸ್ತಕ ಹಳೆಯದಾದರೆ ಏನು ನಷ್ಟ ಅಂತ ಕೆಲವರು ಕೇಳುತ್ತಾರೆ. ನಷ್ಟ ತುಂಬಾ ಇದೆ. ಸಿರಿಯಾದ ಕರಾವಳಿಯ ಉಗಾರಿತ್‌ನಲ್ಲಿ ಅಗೆತ ಶುರುವಾದದ್ದೇ 1929ರಲ್ಲಿ. ಅದಕ್ಕೆ ಮೊದಲು ಬರೆದ ಪುಸ್ತಕಗಳಿಗೆ ಬಾಲ್ ದೇವರು ಗೊತ್ತಿದ್ದದ್ದು ಬಹುಪಾಲು ಬೈಬಲ್ಲಿನ ಮೂಲಕ, ಅಂದರೆ ಅವನನ್ನು ಪೂಜಿಸಬೇಡಿ ಅಂತ ಬೈದವರ ಬಾಯಿಂದ. ಉಗಾರಿತ್‌ನ ಮಣ್ಣಿನ ಹಲಗೆಗಳಲ್ಲಿ ಅವನು ಸಮುದ್ರದೊಡನೆ ಕಾದಾಡುತ್ತಾನೆ, ಮನೆ ಬೇಕು ಅಂತ ಹಟ ಹಿಡಿಯುತ್ತಾನೆ, ಸಾವಿನ ಗಂಟಲಿಗೆ ಇಳಿಯುತ್ತಾನೆ. ಆ ದೇವರನ್ನು ಅವನ ಭಕ್ತರೇ ಹಾಡಿದ ಹಾಗೆ ಕೇಳುವ ಅವಕಾಶ ನಮ್ಮ ಮುತ್ತಜ್ಜನ ಕಾಲಕ್ಕೆ ಇರಲಿಲ್ಲ, ನಮಗಿದೆ. ಈಗಿನ ಟರ್ಕಿಯಲ್ಲಿ ಆಳಿದ ಹಿಟೈಟರ ದೇವರು ಕುಮಾರ್ಬಿಯ ಕತೆಯೂ ಹೀಗೆಯೇ. ಅದು 20ನೇ ಶತಮಾನದಲ್ಲಿ ಹೊರಬಂದು, ಹೆಸಿಯಡ್ ಹೇಳುವ ದೇವರ ತಲೆಮಾರುಗಳ ಜಗಳಕ್ಕೆ ಪೂರ್ವದ ನಂಟು ಇದೆ ಅಂತ ತೋರಿಸಿತು. ಗಿಲ್ಗಮೆಶ್ ಕತೆಯಂತೂ ಇನ್ನೂ ಬೆಳೆಯುತ್ತಿದೆ. ಇರಾಕಿನ ಸುಲೈಮಾನಿಯಾ ಮ್ಯೂಸಿಯಂ 2011ರಲ್ಲಿ ಒಂದು ಹಲಗೆಯ ತುಂಡನ್ನು ಕೊಂಡುಕೊಂಡಿತು, ಅದರ ಪಾಠ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ದೇವದಾರು ಕಾಡಿನ ತುಂಬ ಹಕ್ಕಿಗಳ, ಕೋತಿಗಳ ಗದ್ದಲವಿದೆ. ಆಮೇಲೆ, ಕಾಡನ್ನು ಬರಡು ಮಾಡಿಬಿಟ್ಟೆವಲ್ಲ ಗೆಳೆಯಾ ಅಂತ ಗಿಲ್ಗಮೆಶನ ಗೆಳೆಯ ಎನ್ಕಿಡು ಮರುಗುವ ಮಾತಿದೆ. ನನಗೆ ಇಡೀ ಕಾವ್ಯದಲ್ಲಿ ತೀರಾ ಹತ್ತಿರವಾದ ಸಾಲುಗಳಿವು. ಹಳೇ ಪುಸ್ತಕ ಮಾತ್ರ ಇಟ್ಟುಕೊಂಡ ಗ್ರಂಥಾಲಯದ ಮಕ್ಕಳಿಗೆ ಅವು ಸಿಗುವುದೇ ಇಲ್ಲ.

ಕತೆಯನ್ನು ಬರೆದಿಟ್ಟವರು ಯಾರು ಅನ್ನುವುದೂ ಅಷ್ಟೇ ಮುಖ್ಯ. ಉತ್ತರ ಯುರೋಪಿನ ಹಳೇ ದೇವರುಗಳಾದ ಓಡಿನ್, ಥಾರ್, ಲೋಕಿ ಇವರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 1220ರ ಸುಮಾರಿಗೆ ಬರೆದದ್ದು. ಆ ಹೊತ್ತಿಗೆ ಅಲ್ಲಿನವರು ಕ್ರೈಸ್ತರಾಗಿ ಇನ್ನೂರು ವರ್ಷ ಆಗಿತ್ತು. ಸ್ನೋರಿಯೂ ಕ್ರೈಸ್ತನೇ. ಅವನ ಪುಸ್ತಕ ಎಡ್ಡಾದ ಪೀಠಿಕೆಯಲ್ಲಿ ಈ ದೇವರೆಲ್ಲ ಟ್ರಾಯ್ ಕಡೆಯಿಂದ ಬಂದ ಮನುಷ್ಯರು ಅಂತಿದೆ. ಈಜಿಪ್ಟಿನ ದೇವರು ಒಸಿರಿಸ್ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಹೇಳಿದವನು ರೋಮನ್ ಕಾಲದ ಲೇಖಕ ಪ್ಲುಟಾರ್ಕ್, ಗ್ರೀಕ್ ಭಾಷೆಯಲ್ಲಿ. ಈಜಿಪ್ಟಿನವರ ಪಿರಮಿಡ್ಡಿನ ಗೋಡೆಬರಹಗಳು ಅವನಿಗಿಂತ ಎರಡು ಸಾವಿರ ವರ್ಷಕ್ಕೂ ಹಳೆಯವು, ಅಲ್ಲಿ ಆ ಕತೆ ಚೂರುಚೂರಾಗಿ ಬರುತ್ತದೆ. ನ್ಯೂಜಿಲೆಂಡಿನ ಮಾವೊರಿ ಜನರ ಕತೆಗಳ ಪುಸ್ತಕ 1855ರಲ್ಲಿ ಇಂಗ್ಲಿಷಿನಲ್ಲಿ ಬಂದಾಗ ಮೇಲೆ ಇದ್ದದ್ದು ಗವರ್ನರ್ ಆಗಿದ್ದ ಜಾರ್ಜ್ ಗ್ರೇ ಹೆಸರು. ಆಕಾಶ ತಂದೆ ರಂಗಿ, ಭೂಮಿ ತಾಯಿ ಪಾಪಾ, ಅವರನ್ನು ಮಕ್ಕಳೇ ಬೇರೆ ಮಾಡಿದ ಕತೆ ಎಷ್ಟೋ ವಿಶ್ವಕೋಶಗಳಲ್ಲಿ ಇವತ್ತಿಗೂ ಇರುವುದು ಆ ಪುಸ್ತಕದಿಂದ. ಅದರಲ್ಲಿನ ಬಹಳಷ್ಟನ್ನು ಮಾವೊರಿಯಲ್ಲಿ ಕೈಯಾರೆ ಬರೆದುಕೊಟ್ಟವನು ತೆ ರಂಗಿಕಾಹೆಕೆ. ಅವನ ಹೆಸರು ಪುಸ್ತಕದಲ್ಲಿ ಬರಲೇ ಇಲ್ಲ. ನೀವು ತರಿಸುವ ವಿಶ್ವಕೋಶದಲ್ಲಿ ಬಂದಿದೆಯಾ ನೋಡಿ, ಬಂದಿದ್ದರೆ ಅದನ್ನು ಬರೆದವರ ಮೇಲೆ ನನಗೆ ಗೌರವ.

ಇನ್ನು ಕ್ರಿಯಾಪದ ನೋಡಿ. ಹೌದು, ಕ್ರಿಯಾಪದವೇ. ಗ್ರೀಕರ ದೇವರಾಜ ಜ್ಯೂಸ್ ಬಗ್ಗೆ "ಪೂಜಿಸುತ್ತಿದ್ದರು" ಅಂದರೆ ಸರಿ. ಪಶ್ಚಿಮ ಆಫ್ರಿಕಾದ ಯೊರುಬಾ ಜನರ ದೇವರು ಶಾಂಗೊ ಬಗ್ಗೆ, ಜಪಾನಿನ ಸೂರ್ಯದೇವಿ ಅಮತೆರಾಸು ಬಗ್ಗೆ, ವಿಷ್ಣುವಿನ ಬಗ್ಗೆಯೂ "ಪೂಜಿಸುತ್ತಿದ್ದರು, ನಂಬುತ್ತಿದ್ದರು" ಅಂತ ಬರೆದಿದ್ದರೆ, ಆ ಪುಸ್ತಕ ಬರೆದವರು ಈಗ ಬದುಕಿರುವ ಜನರನ್ನು ಲೆಕ್ಕಕ್ಕೇ ಇಟ್ಟಿಲ್ಲ. ಆಫ್ರಿಕಾಗೆ ಒಂದೇ ಅಧ್ಯಾಯ ಕೊಟ್ಟು, "ಆಫ್ರಿಕನ್ನರ ಪ್ರಕಾರ" ಅಂತ ಶುರು ಮಾಡುವ ಪುಸ್ತಕವನ್ನು ಅಲ್ಲೇ ಮುಚ್ಚಿಬಿಡಿ. ಸಾವಿರಕ್ಕೂ ಮೇಲೆ ಭಾಷೆಗಳಿರುವ ಖಂಡ ಅದು. ಮಾಲಿ ದೇಶದ ದೋಗಾನ್ ಜನರ ಸೃಷ್ಟಿಕತೆ ಸಾಮಾನ್ಯವಾಗಿ ಆ ಅಧ್ಯಾಯದಲ್ಲಿ ಬರುತ್ತದೆ. ಫ್ರಾನ್ಸಿನ ಮಾರ್ಸೆಲ್ ಗ್ರಿಯೋಲ್ ಒಬ್ಬ ಕುರುಡ ಹಿರಿಯನ ಜೊತೆ ಮಾತಾಡಿ 1948ರಲ್ಲಿ ಅದನ್ನು ಪ್ರಕಟಿಸಿದರು. ವಾಲ್ಟರ್ ವಾನ್ ಬೇಕ್ ಅನ್ನುವ ಮಾನವಶಾಸ್ತ್ರಜ್ಞರು ಆಮೇಲೆ ಅಲ್ಲೇ ಇದ್ದು ಕೆಲಸ ಮಾಡಿ, ಆ ವಿವರಗಳನ್ನು ದೋಗಾನ್ ಜನ ಗುರುತಿಸುವುದಿಲ್ಲ ಅಂತ 1991ರಲ್ಲಿ ಬರೆದರು. ಈ ವಾದದ ಸುಳಿವೂ ಕೊಡದೆ ಗ್ರಿಯೋಲ್ ಹೇಳಿದ್ದನ್ನೇ ವೇದವಾಕ್ಯ ಮಾಡಿರುವ ಪುಸ್ತಕಗಳು ಈಗಲೂ ಕಪಾಟಿನಲ್ಲಿವೆ.

ನಿಮಗೆ ದೋಗಾನ್ ಗೊತ್ತಿಲ್ಲ, ಮಾವೊರಿ ಗೊತ್ತಿಲ್ಲ, ಹಾಗಿದ್ದರೆ ಹೇಗೆ ಅಳೆಯುವುದು? ನಿಮಗೆ ಚೆನ್ನಾಗಿ ಗೊತ್ತಿರುವ ಅಧ್ಯಾಯವನ್ನು ಮೊದಲು ಓದಿ. ಮಹಾಭಾರತ ತೆಗೆಯಿರಿ. ವ್ಯಾಸರು ಹೇಳಿದರು, ಗಣಪತಿ ಬರೆದುಕೊಂಡ ಅಂತ ಇರುತ್ತದೆ. ಪುಣೆಯ ಭಂಡಾರ್ಕರ್ ಸಂಸ್ಥೆಯವರು ನೂರಾರು ಹಸ್ತಪ್ರತಿ ಹೋಲಿಸಿ ಸಿದ್ಧಪಡಿಸಿದ ಆವೃತ್ತಿಯಲ್ಲಿ ಆ ಪ್ರಸಂಗ ಮೂಲಪಾಠದಲ್ಲಿ ಇಲ್ಲ, ಅನುಬಂಧಕ್ಕೆ ಹೋಗಿದೆ. ಪುಸ್ತಕ ಇದನ್ನು ಹೇಳುತ್ತದಾ? ದ್ರೌಪದಿಗೆ ಐವರು ಗಂಡಂದಿರು ಅಂತ ಇರುತ್ತದೆ. ಪಂಪ 10ನೇ ಶತಮಾನದಲ್ಲಿ ಬರೆದ ಭಾರತದಲ್ಲಿ ಅವಳ ಗಂಡ ಅರ್ಜುನ ಒಬ್ಬನೇ. ಲೋಕದ ಎಲ್ಲ ಪುರಾಣ ಹೇಳುವ ಪುಸ್ತಕದಲ್ಲಿ ಪಂಪ ಬರಲೇಬೇಕು ಅಂತ ನಾನು ಹಟ ಮಾಡುವುದಿಲ್ಲ. ಆದರೆ ಈ ಕತೆಗೆ ಬೇರೆ ಬೇರೆ ಪಾಠಗಳಿವೆ ಅನ್ನುವ ಒಂದು ವಾಕ್ಯವಾದರೂ ಇರಬೇಕು. ನಮ್ಮ ಕತೆಯಲ್ಲಿ ಇಷ್ಟು ಸಡಿಲ ಬಿಟ್ಟವರು ಪೆರುವಿನ ಕತೆಯಲ್ಲಿ ಬಿಗಿಯಾಗಿರುತ್ತಾರೆ ಅಂತ ನಂಬುವುದು ಹೇಗೆ?

ಕತ್ತರಿ ಹಾಕಿದ ಪುಸ್ತಕಗಳ ಬಗ್ಗೆಯೂ ಎರಡು ಮಾತು. ಥಾಮಸ್ ಬುಲ್‌ಫಿಂಚ್ 1855ರಲ್ಲಿ ಬರೆದ ಪುರಾಣ ಕತೆಗಳ ಪುಸ್ತಕ ಇವತ್ತಿಗೂ ಎಲ್ಲ ಕಡೆ ಸಿಗುತ್ತದೆ. ಒಳ್ಳೆಯ ರುಚಿಗೆ, ನೀತಿಗೆ ಹೊಂದದ ಕತೆಗಳನ್ನು ಬಿಟ್ಟಿದ್ದೇನೆ ಅಂತ ಅವರು ಮುನ್ನುಡಿಯಲ್ಲೇ ಹೇಳಿದ್ದಾರೆ, ಅದು ಅವರ ಪ್ರಾಮಾಣಿಕತೆ. ಆದರೆ ಬಿಟ್ಟದ್ದು ಬಿಟ್ಟಂತೆಯೇ. ಜಪಾನಿನ ಹಳೇ ಪುರಾಣ ಗ್ರಂಥ ಕೊಜಿಕಿ ಕ್ರಿ.ಶ. 712ರದು. ಅದನ್ನು 1880ರ ದಶಕದಲ್ಲಿ ಇಂಗ್ಲಿಷಿಗೆ ತಂದ ಬೇಸಿಲ್ ಹಾಲ್ ಚೇಂಬರ್ಲೇನ್, ದ್ವೀಪಗಳನ್ನು ಹೆತ್ತ ಇಜನಾಗಿ ಇಜನಾಮಿ ದೇವದಂಪತಿ ಕೂಡುವಂಥ ಭಾಗಗಳು ಬಂದ ಕಡೆ ಇಂಗ್ಲಿಷ್ ಬಿಟ್ಟು ಲ್ಯಾಟಿನ್‌ನಲ್ಲಿ ಬರೆದರು. ನಾನು ಆ ಪುಟ ನೋಡಿದ್ದೇನೆ. ವಾಕ್ಯ ಇಂಗ್ಲಿಷಿನಲ್ಲಿ ಬರುತ್ತಾ ಬರುತ್ತಾ ಇದ್ದಕ್ಕಿದ್ದ ಹಾಗೆ ಅರ್ಥವಾಗದ ಲ್ಯಾಟಿನ್ ಆಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಇಂಗ್ಲಿಷ್. ದ್ವೀಪಗಳು ಹುಟ್ಟಿದ್ದು ಹೇಗೆ ಅಂತ ತಿಳಿಯಲು ಬಂದವರಿಗೆ ಸರಿಯಾಗಿ ಅಲ್ಲೇ ಬಾಗಿಲು ಹಾಕಿದೆ. ಈ ಅನುವಾದ ಈಗಲೂ ಮರುಮುದ್ರಣ ಆಗುತ್ತದೆ. ದಯವಿಟ್ಟು ಈಚಿನ ಅನುವಾದ ತರಿಸಿ.

ಹೆಸರುಗಳ ಕಷ್ಟ ಕನ್ನಡದಲ್ಲಿ ಬರೆಯುವ ನಮಗೆ ಜಾಸ್ತಿ. ಮಧ್ಯ ಅಮೆರಿಕದ ಮಾಯಾ ಜನರ ಪುರಾಣ ಗ್ರಂಥ ಪೊಪೊಲ್ ವುಹ್‌ನಲ್ಲಿ ಪಾತಾಳದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ "ಕ್ಸಿಬಲ್ಬಾ" ಅನಿಸುತ್ತದೆ. ಅದು ಶಿಬಾಲ್ಬಾ. ಆ ಎಕ್ಸ್ ಅಕ್ಷರವನ್ನು ಅಲ್ಲಿ ಶ ಅಂತ ಓದಬೇಕು. ಉಚ್ಚಾರಣೆ ಕೊಡದ ಪುಸ್ತಕ ಇಟ್ಟುಕೊಂಡು ನಾವು ಕನ್ನಡ ಲಿಪಿಯಲ್ಲಿ ತಪ್ಪು ಬರೆಯುತ್ತೇವೆ, ಒಮ್ಮೆ ಅಚ್ಚಾದ ಮೇಲೆ ಆ ತಪ್ಪಿಗೇ ಕಾಲು ಬರುತ್ತದೆ. ಚೀನಾದ ಪಶ್ಚಿಮದ ರಾಣಿತಾಯಿಯ ಹೆಸರನ್ನು ಹಳೇ ಪುಸ್ತಕಗಳು ಒಂದು ಥರ, ಹೊಸ ಪುಸ್ತಕಗಳು ಇನ್ನೊಂದು ಥರ ಬರೆಯುತ್ತವೆ. ಇಂಡೆಕ್ಸ್ ಸರಿ ಇಲ್ಲದಿದ್ದರೆ ಅವಳು ಇಬ್ಬರಾಗುತ್ತಾಳೆ. ಆದ್ದರಿಂದ ಪುಸ್ತಕವನ್ನು ಹಿಂದಿನಿಂದ ತೆರೆಯಿರಿ. ಒಬ್ಬನೇ ವೀರನಿಗೆ ಗ್ರೀಕ್ ಹೆಸರು ಹೆರಾಕ್ಲೀಸ್, ರೋಮನ್ ಹೆಸರು ಹರ್ಕ್ಯುಲಿಸ್. ಹೆರಾಕ್ಲೀಸ್ ಹುಡುಕಿದರೆ ಹರ್ಕ್ಯುಲಿಸ್‌ಗೆ ದಾರಿ ತೋರಿಸಬೇಕು, ಹರ್ಕ್ಯುಲಿಸ್ ಹುಡುಕಿದರೆ ಹೆರಾಕ್ಲೀಸ್‌ಗೆ. ಇಂಡೆಕ್ಸೇ ಇಲ್ಲದ ಪುಸ್ತಕವನ್ನು ರೆಫರೆನ್ಸ್ ಅನ್ನಬೇಡಿ.

ಹಾಗಾದರೆ ಯಾವುದನ್ನು ತರಿಸಬೇಕು ಅಂತ ಕೇಳುತ್ತೀರಿ. ಗ್ರೀಕ್ ರೋಮನ್ ಕತೆಗಳಿಗೆ ಪಿಯರ್ ಗ್ರಿಮಾಲ್ ಅವರ ನಿಘಂಟು ಇದೆ, 1951ರದು, ಆದರೂ ಪ್ರತಿ ಹೆಸರಿಗೂ ಆಕರ ಕೊಡುತ್ತದೆ. ಸಂಕ್ಷಿಪ್ತ ಆವೃತ್ತಿ ತರಿಸುವಾಗ ಆ ಆಕರಗಳ ಭಾಗ ಉಳಿದಿದೆಯಾ ನೋಡಿಕೊಳ್ಳಿ. ತಿಮೋತಿ ಗ್ಯಾಂಟ್ಜ್ 1993ರಲ್ಲಿ ಬರೆದ ಗ್ರೀಕ್ ಪುರಾಣಗಳ ಗ್ರಂಥ ಇನ್ನೂ ಒಳ್ಳೆಯದು, ಕತೆಯ ಯಾವ ಅಂಶ ಯಾವ ಕವಿಯಲ್ಲಿ, ಯಾವ ಮಡಕೆಯ ಚಿತ್ರದಲ್ಲಿ ಮೊದಲು ಕಾಣುತ್ತದೆ ಅಂತ ತಾಳ್ಮೆಯಿಂದ ಬಿಡಿಸಿ ಹೇಳುತ್ತದೆ. ರಾಬರ್ಟ್ ಗ್ರೇವ್ಸ್ ಅವರ 1955ರ ಪುಸ್ತಕ ಹೆಚ್ಚಿನ ಕಡೆ ಇದ್ದೇ ಇರುತ್ತದೆ. ಅದರಲ್ಲಿ ಕತೆ ಮತ್ತು ಆಕರಗಳು ಉಪಯೋಗಕ್ಕೆ ಬರುತ್ತವೆ, ಅವರ ಸ್ವಂತ ವಿವರಣೆಗಳನ್ನು ಮಾತ್ರ ವಿದ್ವಾಂಸರು ಒಪ್ಪುವುದಿಲ್ಲ. ಎಡಿತ್ ಹ್ಯಾಮಿಲ್ಟನ್ ಅವರ 1942ರ ಪುಸ್ತಕದ ಹೆಸರು "ಮಿಥಾಲಜಿ", ಅಂದರೆ ಪುರಾಣಗಳು, ಅಂತ ನೋಡಿ ಎಲ್ಲ ನಾಡಿನದೂ ಇದೆ ಅಂದುಕೊಳ್ಳಬೇಡಿ. ಅದು ಗ್ರೀಸ್ ಮತ್ತು ರೋಮ್, ಕೊನೆಗೆ ಸ್ವಲ್ಪ ಉತ್ತರ ಯುರೋಪ್, ಅಷ್ಟೇ. ದೊಡ್ಡ ಗ್ರಂಥಾಲಯವಾದರೆ ಸ್ಟಿತ್ ಥಾಂಪ್ಸನ್ ಅವರ ಕಥಾ ಆಶಯಗಳ (ಕತೆಯಿಂದ ಕತೆಗೆ ಮತ್ತೆ ಮತ್ತೆ ಬರುವ ಸಂಗತಿಗಳ) ಸೂಚಿ, ಆರು ಸಂಪುಟ, ಇರಲೇಬೇಕು. ಒಂದೇ ಆಶಯ ಎಲ್ಲೆಲ್ಲಿ ಸಿಗುತ್ತದೆ ಅಂತ ಅಲ್ಲಿ ಹುಡುಕಬಹುದು. ಫ್ರೇಜರ್, ಜೋಸೆಫ್ ಕ್ಯಾಂಪ್‌ಬೆಲ್ ಇವರನ್ನು ಓದಿ ಬೆಳೆದವರಲ್ಲಿ ನಾನೂ ಒಬ್ಬರು. ಆದರೆ ಅವರು ಕತೆಗಳನ್ನು ತಮ್ಮ ಸಿದ್ಧಾಂತಕ್ಕೆ ಸಾಕ್ಷಿಯಾಗಿ ಕರೆಯುತ್ತಾರೆ, ಅವರ ಜಾಗ ಬೇರೆ ಕಪಾಟು. ವಿಶ್ವಕೋಶಗಳ ಪಕ್ಕದಲ್ಲಿ ಮೂಲ ಗ್ರಂಥಗಳ ಅನುವಾದಗಳನ್ನೇ ಇಡಿ: ಹೆಸಿಯಡ್, ಓವಿಡ್, ಎಡ್ಡಾ, ಪೊಪೊಲ್ ವುಹ್, ಕೊಜಿಕಿ, ಗಿಲ್ಗಮೆಶ್. ನನ್ನ ಮೆಡೂಸಾ ತಪ್ಪು ಹತ್ತು ನಿಮಿಷದಲ್ಲಿ ತಿದ್ದಿಹೋಗುತ್ತಿತ್ತು, ಹೆಸಿಯಡ್ ಆ ಟೇಬಲ್ಲಿನ ಮೇಲೆ ಇದ್ದಿದ್ದರೆ.

ಇನ್ನೊಂದು ಕೋರಿಕೆ ಜೋಡಣೆ ಬಗ್ಗೆ. ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಕೊಡುವ ಡ್ಯೂಯಿ ಪದ್ಧತಿಯಲ್ಲಿ 220ರಿಂದ 289ರವರೆಗೆ ಬೈಬಲ್ ಮತ್ತು ಕ್ರೈಸ್ತ ಧರ್ಮ. ಗ್ರೀಕ್ ರೋಮನ್ 292, ಉತ್ತರ ಯುರೋಪ್ 293, ಭಾರತ ಮೂಲದ್ದು 294. ಈಜಿಪ್ಟ್, ಚೀನಾ, ಆಫ್ರಿಕಾ, ಅಮೆರಿಕದ ಮೂಲನಿವಾಸಿಗಳು ಎಲ್ಲರೂ 299ರಲ್ಲಿ ಒತ್ತಿಕೊಂಡು ಕೂತಿದ್ದಾರೆ. ಜನಪದ ಕತೆ ಅಂತ ಕರೆದುಬಿಟ್ಟರೆ ಅದು ಇನ್ನೆಲ್ಲೋ 398ಕ್ಕೆ ಹೋಗುತ್ತದೆ. ಒಂದೇ ಕತೆಯ ಎರಡು ಪುಸ್ತಕ ಎರಡು ಕೋಣೆಯಲ್ಲಿ ಇರುವುದನ್ನು ನಾನು ಕಂಡಿದ್ದೇನೆ. ನಂಬರ್ ಬದಲಿಸಿ ಅಂತ ಕೇಳುತ್ತಿಲ್ಲ. ಕಪಾಟಿನ ಬದಿಗೆ ಒಂದು ಹಾಳೆ ಅಂಟಿಸಿ, ಯಾವ ನಾಡಿನ ಕತೆ ಎಲ್ಲೆಲ್ಲಿ ಅಂತ ಬರೆಯಿರಿ. ಹೊಸಬರಿಗೆ ತುಂಬಾ ಅನುಕೂಲ ಆಗುತ್ತದೆ.

ಹಳೇ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಇಜ್ದುಬಾರ್ ಇರುವ ಪುಸ್ತಕವೂ ಬೇಕು, ಆ ಕಾಲದವರು ಹೇಗೆ ಓದಿದರು ಅಂತ ತಿಳಿಯಲು. ಒಳಗಿನ ಮೊದಲ ಪುಟದಲ್ಲಿ ಒಂದು ಚೀಟಿ ಅಂಟಿಸಿ: ಮೊದಲು ಬರೆದ ಇಸವಿ ಇದು, ಈಚಿನ ಪುಸ್ತಕ ಇಂಥ ಕಪಾಟಿನಲ್ಲಿದೆ. ಮುಂದಿನ ಪಟ್ಟಿ ಸಿದ್ಧವಾದಾಗ ಅದನ್ನು ತರಿಸುವ ಮೊದಲು ನೋಟಿಸ್ ಬೋರ್ಡಿಗೂ ಹಾಕಿ. ಓದುವವರು ಬಂದು ನೋಡಲಿ. ನಾನಂತೂ ಬರುತ್ತೇನೆ. ಮಾದರಿ ಪ್ರತಿಗಳನ್ನು ಟೇಬಲ್ ಮೇಲೆ ಇಟ್ಟರೆ, ಕೂತು ಪಂಡೋರಾ, ಮೆಡೂಸಾ, ಮಹಾಭಾರತ ಮೂರನ್ನೂ ಓದಿ, ಏನಿದೆ ಏನಿಲ್ಲ ಅಂತ ಬರೆದುಕೊಡುತ್ತೇನೆ. ಪ್ರಶ್ನೆ ಕೇಳಿದ ಆ ಹುಡುಗಿಯನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ,
ನಿಮ್ಮ ರೆಫರೆನ್ಸ್ ವಿಭಾಗದ ಕಾಯಂ ಓದುಗರೊಬ್ಬರು